ಓದಿನ ಜೊತೆ ಸ್ಟೈಪೆಂಡ್: ಜನ ನಂಬಿದ್ದೇನು, ನಿಯಮದಲ್ಲಿರುವುದೇನು?

ಪಿಯುಸಿ ಫಲಿತಾಂಶ ಬಂದು ಡಿಗ್ರಿ ಪ್ರವೇಶ ಶುರುವಾದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈಗೀಗ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. "ಸರ್, ಈ ಎಇಡಿಪಿ ಅಂದ್ರೇನು? ಮಗನ್ನ ಓದೋಕೆ ಸೇರಿಸ್ತಿದೀವೋ, ಕೆಲಸಕ್ಕೆ ಸೇರಿಸ್ತಿದೀವೋ?" ಎಇಡಿಪಿ ಎಂದರೆ ಅಪ್ರೆಂಟಿಸ್‌ಶಿಪ್ ಸೇರಿಸಿ ರೂಪಿಸಿದ ಪದವಿ. ವಿದ್ಯಾರ್ಥಿ ಕೆಲವು ಸೆಮಿಸ್ಟರ್ ಕಾಲೇಜಿನಲ್ಲಿ ಕಲಿಯುತ್ತಾನೆ, ಕೆಲವು ಸೆಮಿಸ್ಟರ್ ಕಂಪನಿಯಲ್ಲಿ ತರಬೇತಿ ಪಡೆಯುತ್ತಾನೆ. ಆ ತರಬೇತಿಗೆ ಕ್ರೆಡಿಟ್ ಉಂಟು, ತಿಂಗಳಿಗಿಷ್ಟು ಸ್ಟೈಪೆಂಡೂ ಉಂಟು. ಯುಜಿಸಿ ಇದಕ್ಕೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರಲ್ಲಿ ಅದನ್ನು ಹೊಸದಾಗಿ ರೂಪಿಸಿತು. ತಂದೆತಾಯಿ ಹೀಗೆ ಕೇಳುವುದು ಸಹಜ. ಆದರೆ ಅವರಿಗೆ ನೆರೆಹೊರೆಯಿಂದ, ಕೆಲವೊಮ್ಮೆ ಕಾಲೇಜಿನೊಳಗಿನಿಂದಲೇ ಸಿಗುವ ಉತ್ತರಗಳಲ್ಲಿ ತಪ್ಪು ಬಹಳ.

"ಇಂಟರ್ನ್‌ಶಿಪ್ಪೂ ಅಪ್ರೆಂಟಿಸ್‌ಶಿಪ್ಪೂ ಒಂದೇ"

ಉಳಿದ ಗೊಂದಲಗಳೆಲ್ಲ ಹುಟ್ಟುವುದೇ ಈ ನಂಬಿಕೆಯಿಂದ. ಸಾಮಾನ್ಯ ಇಂಟರ್ನ್‌ಶಿಪ್‌ಗೆ ಇಷ್ಟೇ ಹಣ ಕೊಡಬೇಕೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎಷ್ಟೋ ಕಡೆ ಸಿಗುವುದು ಒಂದು ಸರ್ಟಿಫಿಕೇಟ್ ಮಾತ್ರ. ಅದಕ್ಕೂ ವಿದ್ಯಾರ್ಥಿಯಿಂದಲೇ ಶುಲ್ಕ ವಸೂಲಿ ಮಾಡುವವರಿದ್ದಾರೆ.

ಅಪ್ರೆಂಟಿಸ್‌ಶಿಪ್ ಹಾಗಲ್ಲ. ಅದರ ಹಿಂದೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಐಟಿಐ ಟ್ರೇಡುಗಳಿಗೆಂದು ಶುರುವಾದ ಈ ಕಾಯ್ದೆಗೆ 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಸೇರಿದರು. 2014ರ ತಿದ್ದುಪಡಿ ಬಿ.ಎ., ಬಿ.ಕಾಂ.ನಂಥ ಪದವಿಯವರಿಗೂ ಬಾಗಿಲು ತೆರೆಯಿತು. "ಇದೆಲ್ಲ ಎಂಜಿನಿಯರಿಂಗ್ ಹುಡುಗರಿಗೆ" ಎನ್ನುವವರು ಆ ವರ್ಷದಿಂದೀಚೆಗೆ ಕಾಯ್ದೆಯನ್ನು ನೋಡಿಲ್ಲ. ತರಬೇತಿ ಶುರುವಾಗಬೇಕಾದರೆ ಲಿಖಿತ ಒಪ್ಪಂದ ಬೇಕು, ಆ ಒಪ್ಪಂದ ನೋಂದಣಿಯಾಗಬೇಕು. ಬರೀ ಒಂದು ಇ-ಮೇಲ್ ಕಳಿಸಿ "ಸೋಮವಾರದಿಂದ ಬನ್ನಿ" ಎಂದರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ.

"ಕಂಪನಿಯವರು ಮನಸ್ಸಿಗೆ ಬಂದಷ್ಟು ಕೊಡ್ತಾರೆ"

ಕನಿಷ್ಠ ಎಷ್ಟೆಂದು ನಿಯಮವೇ ಹೇಳುತ್ತದೆ. 2019ರ ತಿದ್ದುಪಡಿಯಂತೆ ಪದವಿ ಮಟ್ಟದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂ., ಡಿಪ್ಲೊಮಾದವರಿಗೆ 8,000 ರೂ. ಕಂಪನಿ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ದರಗಳನ್ನು ಶೇ. 36ರಷ್ಟು ಏರಿಸಲು ಶಿಫಾರಸು ಮಾಡಿದೆ. ಆದ್ದರಿಂದ ಸೇರುವ ದಿನ ಜಾರಿಯಲ್ಲಿರುವ ದರವನ್ನೇ ಕೇಳಿ ತಿಳಿದುಕೊಳ್ಳಬೇಕು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ, ಅಂದರೆ ಎನ್‌ಎಟಿಎಸ್‌ನಡಿ, ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಒಂದು ತಿಂಗಳ ಸ್ಟೈಪೆಂಡನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕು. ಕ್ಯಾಶುಯಲ್ ರಜೆ, ಕಾಯಿಲೆ ರಜೆ ಹಾಕಿದ ದಿನಗಳಿಗೆ ಹಣ ಕಡಿಯುವಂತಿಲ್ಲ.

ಈ ಮೊತ್ತ ಸಾಕೇ ಎಂದರೆ, ಸಾಲದು ಎಂಬುದೇ ನನ್ನ ಉತ್ತರ. ಹಿರಿಯೂರಿನಿಂದಲೋ ಸಿಂಧನೂರಿನಿಂದಲೋ ಬೆಂಗಳೂರಿಗೆ ಬಂದ ಹುಡುಗಿಗೆ ಪಿ.ಜಿ. ಬಾಡಿಗೆ, ಊಟ, ಓಡಾಟ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಊರಿನ ಹತ್ತಿರವೇ ತರಬೇತಿ ಕೊಡಿಸಲು ಕಾಲೇಜುಗಳು ಇನ್ನಷ್ಟು ಓಡಾಡಬೇಕು.

"ಓದಿನ ಹೆಸರಿನಲ್ಲಿ ಅಗ್ಗದ ಕೂಲಿ"

ಈ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಕಾಯ್ದೆಯ 18ನೇ ಕಲಂ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವ, ಕಾರ್ಮಿಕನಲ್ಲ ಎಂದು ಹೇಳುತ್ತದೆ. ಹಾಗಾಗಿ ಪಿಎಫ್, ಇಎಸ್ಐ ಇಲ್ಲ. ದುರುಪಯೋಗಕ್ಕೆ ದಾರಿಯಾಗುವುದೂ ಇದೇ. ಆದರೆ ಅದೇ ಕಾಯ್ದೆ ರಕ್ಷಣೆಯನ್ನೂ ಕೊಟ್ಟಿದೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಅನುಮತಿಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು.

ಕೂಲಿಗೂ ತರಬೇತಿಗೂ ಇರುವ ವ್ಯತ್ಯಾಸ ಕೆಲಸದ ಜಾಗಕ್ಕೆ ಹೋದರೆ ಕಣ್ಣಿಗೇ ಕಾಣುತ್ತದೆ. ಬಿ.ಕಾಂ. ಲಾಜಿಸ್ಟಿಕ್ಸ್ ಹುಡುಗನೊಬ್ಬ ಗೋದಾಮಿನಲ್ಲಿದ್ದಾನೆ ಎಂದುಕೊಳ್ಳಿ. ಕೈಯಲ್ಲಿ ಸ್ಕ್ಯಾನರ್ ಹಿಡಿದು ಲಾರಿಯಿಂದ ಇಳಿದ ಡಬ್ಬಗಳ ಬಾರ್‌ಕೋಡ್ ಓದಿಸುತ್ತಾನೆ. ಇನ್‌ವಾಯ್ಸ್‌ನಲ್ಲಿ 40 ಡಬ್ಬ, ಎಣಿಸಿದರೆ 38. ಒಂದು ಒದ್ದೆಯಾಗಿದೆ ಎಂದು ಪಕ್ಕಕ್ಕೆ ಇಟ್ಟಿದ್ದಾರೆ, ಇನ್ನೊಂದು ಬಂದೇ ಇಲ್ಲ. ಇದನ್ನು ಎಲ್ಲಿ ನಮೂದಿಸಬೇಕು, ಯಾರಿಗೆ ಹೇಳಬೇಕು, ತಿಂಗಳ ಕೊನೆಯ ದಾಸ್ತಾನು ಲೆಕ್ಕಕ್ಕೆ ಇದು ಹೇಗೆ ಸೇರುತ್ತದೆ ಎಂದು ಸೂಪರ್‌ವೈಸರ್ ಕೂರಿಸಿ ತೋರಿಸಿದರೆ ಅದು ತರಬೇತಿ. ಮುಂದಿನ ತಿಂಗಳು ಅವನನ್ನು ಬಿಲ್ಲಿಂಗ್ ಕಡೆಗೋ ರಿಟರ್ನ್ಸ್ ಕಡೆಗೋ ಹಾಕಿದರೆ ಇನ್ನೂ ಒಳ್ಳೆಯದು. ಆರು ತಿಂಗಳೂ ಡಬ್ಬ ಎತ್ತಿಡುವುದೇ ಆದರೆ ಅದು ಕೂಲಿಯೇ. ಆಗ ಸುಮ್ಮನಿರಬಾರದು, ಕಾಲೇಜಿಗೆ ಬರೆದು ದೂರು ಕೊಡಬೇಕು. ವಿದ್ಯಾರ್ಥಿಯನ್ನು ಕಳಿಸಿ ಮರೆತುಬಿಡುವ ಕಾಲೇಜಿನ ತಪ್ಪು ಕಂಪನಿಯ ತಪ್ಪಿಗಿಂತ ಸಣ್ಣದಲ್ಲ.

"ಇದು ಪೂರ್ತಿ ಡಿಗ್ರಿ ಅಲ್ಲ"

ಪೂರ್ತಿ ಡಿಗ್ರಿಯೇ. ಪದವಿ ಕೊಡುವುದು ವಿಶ್ವವಿದ್ಯಾಲಯ, ಕಂಪನಿಯಲ್ಲ. ಸ್ನಾತಕೋತ್ತರ ಓದಿಗೂ ಪದವಿ ಕೇಳುವ ಸ್ಪರ್ಧಾತ್ಮಕ ಪರೀಕ್ಷೆಗೂ ಇದು ಸಲ್ಲುತ್ತದೆ. ಯುಜಿಸಿ ಮಾರ್ಗಸೂಚಿಯಂತೆ ಮೂರು ವರ್ಷದ ಪದವಿಯಲ್ಲಿ ಅಪ್ರೆಂಟಿಸ್‌ಶಿಪ್ ಒಂದರಿಂದ ಮೂರು ಸೆಮಿಸ್ಟರ್ ಇರಬಹುದು. ಉಳಿದದ್ದು ತರಗತಿಯ ಪಾಠವೇ.

ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಯೋಗವೂ ಅಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು 1906ರಲ್ಲಿ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಓದು ಮತ್ತು ಸಂಬಳದ ಕೆಲಸವನ್ನು ಸರದಿಯಂತೆ ನಡೆಸುವ ಪದ್ಧತಿ ಶುರುಮಾಡಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಆರಂಭವಾದದ್ದೇ ಈ ಪದ್ಧತಿಯ ಮೇಲೆ. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ 1973ರಿಂದ 'ಪ್ರಾಕ್ಟೀಸ್ ಸ್ಕೂಲ್' ನಡೆಸುತ್ತಿದೆ. ಕರ್ನಾಟಕದಲ್ಲೇ, ಡೆನ್ಮಾರ್ಕ್ ಸಹಕಾರದಿಂದ 1972ರಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ, ತನ್ನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷದ ಕಾರ್ಖಾನೆ ತರಬೇತಿ ಇಟ್ಟಿದೆ.

"ಮುಗಿದ ಮೇಲೆ ಅಲ್ಲೇ ಕೆಲಸ ಖಾತ್ರಿ"

ಖಾತ್ರಿ ಇಲ್ಲ. ಅಪ್ರೆಂಟಿಸ್‌ಗೆ ಕೆಲಸ ಕೊಡಲೇಬೇಕೆಂಬ ಸಾಮಾನ್ಯ ಕಡ್ಡಾಯ ಕಾಯ್ದೆಯಲ್ಲಿಲ್ಲ. ಅಪ್ರೆಂಟಿಸ್‌ಗಳ ನೇಮಕಾತಿಗೆ ಕಂಪನಿ ತನ್ನದೇ ನೀತಿ ರೂಪಿಸಬೇಕು ಎಂದಷ್ಟೇ ಇದೆ. ಪ್ರವೇಶದ ವೇಳೆ "ನೂರಕ್ಕೆ ನೂರು ಕೆಲಸ" ಎಂದು ಪ್ರಚಾರ ಮಾಡುವ ಕಾಲೇಜು ಮಕ್ಕಳಿಗೆ ಮೋಸ ಮಾಡುತ್ತಿದೆ.

ಸಹಿ ಹಾಕುವ ಮುನ್ನ ಒಪ್ಪಂದವನ್ನು ತಂದೆತಾಯಿಯ ಜೊತೆ ಕೂತು ಪೂರ್ತಿ ಓದಿ. ಇಂಗ್ಲಿಷಿನಲ್ಲಿದ್ದರೆ ಮೇಷ್ಟ್ರಿಂದ ಓದಿಸಿ ಅರ್ಥ ಕೇಳಿ, ನಾಚಿಕೆ ಬೇಡ. ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಸ್ಟೈಪೆಂಡ್ ಬಾರದಿದ್ದರೆ ಮೊದಲು ಕಾಲೇಜಿಗೆ, ಅಲ್ಲೂ ಆಗದಿದ್ದರೆ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಗೆ ಬರೆಯಿರಿ. ನೋಂದಣಿ ಮಾಡಿಸಿಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಗೆ ನೋಂದಣಿ ಉಚಿತ.