ಬೆಂಕಿಯಲ್ಲಿ ಬೆಂದು ಎದ್ದ ಮೈಸೂರು

ಮೈಸೂರು ಅಂದರೆ ಸಾಕು, ಮಕ್ಕಳಿಗೆ ದಸರಾ ಆನೆ ನೆನಪಾಗುತ್ತದೆ, ಅಜ್ಜ-ಅಜ್ಜಿಯರಿಗೆ ಮಲ್ಲಿಗೆ, ವೀಳ್ಯದೆಲೆ, ಮೈಸೂರು ಪಾಕ್. ಅಲ್ಲಿನ ಅರಮನೆಯನ್ನು ನೋಡಿ ಬಂದವರಿಗೆ ಲೆಕ್ಕವಿಲ್ಲ. ಆದರೆ ಆ ಅರಮನೆ ಮುಗಿದದ್ದು 1912ರಲ್ಲಿ ಎಂದಾಗ ನನ್ನ ಮೊಮ್ಮಗಳು ನಂಬಲಿಲ್ಲ. “ಒಡೆಯರು ಐನೂರು ವರ್ಷ ಆಳಿದರು ಅಂತೀರಿ. ಹಾಗಾದರೆ ಅಲ್ಲಿಯವರೆಗೆ ಎಲ್ಲಿದ್ದರು ತಾತ?” ಎಂದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹೋಗಿ ಬಂದ ಸಿಂಹಾಸನ

ಯದುರಾಯರಿಂದ 1399ರಲ್ಲಿ ಮೈಸೂರು ಒಡೆಯರ ವಂಶ ಶುರುವಾಯಿತು ಎನ್ನುತ್ತಾರೆ. ಆಗ ಅದು ವಿಜಯನಗರದ ಕೈಕೆಳಗಿನ ಪುಟ್ಟ ಪಾಳೆಯಪಟ್ಟು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದುಕೊಂಡರು. ರಾಜಧಾನಿಯೂ ಅಲ್ಲಿಗೇ ಹೋಯಿತು. ಒಡೆಯರ ದಸರಾ ಮೊದಲು ನಡೆದದ್ದು ಅಲ್ಲಿಯೇ, ಆ ವರ್ಷವೇ. ಮುಂದೆ ಸುಮಾರು 190 ವರ್ಷ ಶ್ರೀರಂಗಪಟ್ಟಣವೇ ರಾಜಧಾನಿ.

1799ರ ಮೇ 4ರಂದು ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಯುದ್ಧದಲ್ಲಿ ಮಡಿದರು. ಬ್ರಿಟಿಷರು ಒಡೆಯರ ಮನೆತನದ ಐದು ವರ್ಷದ ಬಾಲಕನನ್ನು ಪಟ್ಟಕ್ಕೆ ಕೂರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಮಕ್ಕಳೇ, ನೀವು ಒಂದನೇ ತರಗತಿಗೆ ಹೋಗುವ ವಯಸ್ಸದು! ಆಡಳಿತವನ್ನು ದಿವಾನ್ ಪೂರ್ಣಯ್ಯನವರು ನೋಡಿಕೊಂಡರು. ರಾಜಧಾನಿ ಮರಳಿ ಮೈಸೂರಿಗೆ ಬಂತು. ಹಳೆಯ ಅರಮನೆ ಆಗ ಉಳಿದಿರಲಿಲ್ಲ. ಹೊಸದನ್ನು ಬೇಗ ಕಟ್ಟಬೇಕಿತ್ತು, ಮರದಲ್ಲೇ ಕಟ್ಟಿದರು.

1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅದು ಒಡೆಯರಿಗೆ ಮರಳಿ ಸಿಕ್ಕಿದ್ದು ಐವತ್ತು ವರ್ಷಗಳ ನಂತರ, 1881ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲಕ್ಕೆ.

ಮದುವೆ ಮನೆಗೆ ಬಿದ್ದ ಬೆಂಕಿ

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜರಿಗೆ ಇನ್ನೂ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ರಾಜ್ಯಭಾರ ಹೊತ್ತರು. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆ. ಅದೇ ಸಂಭ್ರಮದ ನಡುವೆ ಮರದ ಅರಮನೆಗೆ ಬೆಂಕಿ ಬಿತ್ತು.

ಗಂಡನನ್ನು ಕಳೆದುಕೊಂಡು ಎರಡು ವರ್ಷವಷ್ಟೇ ಆಗಿತ್ತು, ಈಗ ಮನೆಯೂ ಹೋಯಿತು. ಆದರೂ ಆ ತಾಯಿ ಕೈಚೆಲ್ಲಿ ಕೂರಲಿಲ್ಲ. ಅದೇ ವರ್ಷ ಹೊಸ ಅರಮನೆಯ ಕೆಲಸ ಶುರುವಾಯಿತು. ನಕ್ಷೆ ಹಾಕಿದವರು ಹೆನ್ರಿ ಇರ್ವಿನ್. ಸುಟ್ಟ ಅರಮನೆಯ ಪಾಠ ಮರೆಯಲಿಲ್ಲ. ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೇ ಹೆಚ್ಚು ಜಾಗ. ಕಲ್ಯಾಣ ಮಂಟಪಕ್ಕೆ ಹೋದಾಗ ತಲೆ ಎತ್ತಿ ಬಣ್ಣದ ಗಾಜಿನ ನವಿಲುಗಳನ್ನು ನೋಡುತ್ತೀರಲ್ಲ, ಹಾಗೆಯೇ ಅದರ ಕಂಬಗಳನ್ನೂ ನೋಡಿ. ಅವು ಎರಕದ ಕಬ್ಬಿಣದವು, ಹಡಗಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು! ಒಟ್ಟು ಖರ್ಚು 41 ಲಕ್ಷ ರೂಪಾಯಿಗೂ ಹೆಚ್ಚು. ಕೆಲಸ ಮುಗಿಯಲು ಹದಿನೈದು ವರ್ಷ ಹಿಡಿಯಿತು.

ಇಲಿ ಬಿದ್ದ ಕಾಲ

ಬೆಂಕಿಯ ಮರುವರ್ಷ, 1898ರಲ್ಲಿ, ಪ್ಲೇಗ್ ಬಂತು. ನನ್ನ ಅಜ್ಜಿ ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದರು: ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಅನ್ನದ ಗುಂಡಿ, ನಾಲ್ಕು ಬಟ್ಟೆ ಕಟ್ಟಿಕೊಂಡು ಊರಾಚೆಯ ಬಯಲಿಗೆ ಹೊರಡುವುದು, ಸೋಗೆಯ ಗುಡಿಸಲಲ್ಲಿ ತಿಂಗಳುಗಟ್ಟಲೆ ಇರುವುದು. ವಾಪಸು ಬಂದಾಗ ಪಕ್ಕದ ಮನೆಯವರು ಇದ್ದಾರೋ ಇಲ್ಲವೋ ಎಂದು ಕೇಳಲೂ ಭಯವಂತೆ.

ಕೋಟೆಯ ಒಳಗೂ ಸುತ್ತಲೂ ಗಾಳಿ ಬೆಳಕಿಲ್ಲದ ಇಕ್ಕಟ್ಟು ಓಣಿಗಳು, ಮನೆಗೆ ಮನೆ ಅಂಟಿಕೊಂಡ ಕೇರಿಗಳು. ಇಂಥ ಕಡೆ ರೋಗ ಬೇಗ ಹರಡಿತು. 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಟ್ರಸ್ಟ್ ಬೋರ್ಡು ಹುಟ್ಟಿತು. ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆಗಳು ಬಂದವು. ಇಂದು ನಾವು ‘ಎಷ್ಟು ಚೆಂದದ ರಸ್ತೆಗಳು’ ಎಂದು ಹೊಗಳುತ್ತೇವಲ್ಲ, ಅವುಗಳ ಹಿಂದೆ ಸತ್ತವರ ನೆನಪೂ ಇದೆ. 1908ರಲ್ಲಿ ಊರಿಗೆ ವಿದ್ಯುತ್ ಬಂತು, 1916ರಲ್ಲಿ ವಿಶ್ವವಿದ್ಯಾನಿಲಯ.

ಒಂದು ತಾಳೆಗರಿ ಕಟ್ಟು

1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಗಿತ್ತು. ಹಳೆಯ ತಾಳೆಗರಿಗಳನ್ನು ಕೂಡಿಸಿಡುವುದು ಅದರ ಕೆಲಸ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದು ಕೊಟ್ಟ ಕಟ್ಟೊಂದನ್ನು ಅಲ್ಲಿನ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಅದರ ಹೆಸರು, ಅಲ್ಲಲ್ಲಿ ಉಲ್ಲೇಖ ಇದ್ದವು, ಪೂರ್ತಿ ಗ್ರಂಥ ಕಳೆದೇ ಹೋಯಿತೆಂದು ವಿದ್ವಾಂಸರು ತಿಳಿದಿದ್ದರು. 1909ರಲ್ಲಿ ಶಾಸ್ತ್ರಿಗಳು ಅದನ್ನು ಅಚ್ಚು ಹಾಕಿಸಿದರು. ಯಾರೋ ಗರಿಗಳನ್ನು ಒಲೆಗೆ ಹಾಕದೆ ಜೋಪಾನ ಮಾಡಿದ್ದರು, ಇನ್ಯಾರೋ ತಾಳ್ಮೆಯಿಂದ ಓದಿದರು. ಇಬ್ಬರಲ್ಲಿ ಒಬ್ಬರು ಬೇಸರಿಸಿದ್ದರೂ ಅದು ನಮಗೆ ಸಿಗುತ್ತಿರಲಿಲ್ಲ.

ಉಳಿಸಿಕೊಳ್ಳುವುದೂ ಕಟ್ಟುವಷ್ಟೇ ಕಷ್ಟ. 2012ರಲ್ಲಿ ಮೈಸೂರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಬಿತ್ತು. ಕೆಡವಿ ಹೊಸದು ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂದು ಊರೆಲ್ಲ ವಾದ. ಹೂವು ಮಾರುವವರ ಜೀವವೂ ಮುಖ್ಯ, ಅವರ ಅಜ್ಜಂದಿರು ಕೂತಿದ್ದ ಕಟ್ಟೆಯೂ ಮುಖ್ಯ. ನನಗನಿಸುವುದು ಇಷ್ಟು: ಬೀಳುವವರೆಗೆ ಕಾಯದೆ ಪ್ರತಿವರ್ಷ ಹೆಂಚು ಸರಿಸಿ, ಬಿರುಕು ಮುಚ್ಚುತ್ತಾ ಬಂದಿದ್ದರೆ ಈ ವಾದವೇ ಬರುತ್ತಿರಲಿಲ್ಲ.

ಮಕ್ಕಳೇ, ಈ ಸಲ ಮೈಸೂರಿಗೆ ಹೋದರೆ ಅರಮನೆ, ಮೃಗಾಲಯ ಮುಗಿಸಿಕೊಂಡು ಒಂದು ಹಳೆಯ ಬೀದಿಯಲ್ಲಿ ನಿಧಾನವಾಗಿ ನಡೆಯಿರಿ. ಬಾಗಿಲ ಮೇಲೆ ಕೆತ್ತಿದ ಇಸವಿ ಕಂಡರೆ ಬರೆದುಕೊಳ್ಳಿ. ಆ ಹೊತ್ತಿಗೆ ತಮ್ಮ ಮನೆಯಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ.