ಜಾಲತಾಣದ ಡೇಟಾಬೇಸ್ ದೋಷಗಳು: ದುರಸ್ತಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಬೇಡಿಕೆ ಪಡೆಯಲು, ದಾಸ್ತಾನಿನ ವಿವರ ನೀಡಲು ಹಾಗೂ ಬಿಲ್ಲು ತಯಾರಿಸಲು ಜಾಲತಾಣವನ್ನು ಅವಲಂಬಿಸಿರುವ ಸಣ್ಣ ಉದ್ದಿಮೆಗಳು ಇಂದು ಅನೇಕ. ವಹಿವಾಟಿನ ನಡುವೆ ಇಂತಹ ತಾಣವು ಸ್ಥಗಿತಗೊಂಡು, ಪರದೆಯ ಮೇಲೆ ಒಂದು ಸಂಖ್ಯೆಯೂ ಅರ್ಥವಾಗದ ಒಂದು ಸಾಲೂ ಕಾಣಿಸಿಕೊಂಡಾಗ ಮಾಲೀಕರು ಗಾಬರಿಗೊಳ್ಳುವುದು ಸಹಜ. ಆದರೆ ಅವಸರದಲ್ಲಿ ಕೈಗೊಳ್ಳುವ ದುರಸ್ತಿಯು ಮೂಲ ದೋಷಕ್ಕಿಂತ ಹೆಚ್ಚಿನ ನಷ್ಟವನ್ನು ತರಬಲ್ಲದು.

ಗ್ರಾಹಕರು ತಾಣದಲ್ಲಿ ಒಂದು ಗುಂಡಿ ಒತ್ತಿದೊಡನೆ, ಹಿನ್ನೆಲೆಯಲ್ಲಿರುವ ಡೇಟಾಬೇಸಿಗೆ ‘ಕ್ವೆರಿ’ ಎಂಬ ಆದೇಶವು ಹೋಗುತ್ತದೆ. ಇದನ್ನು ಉಗ್ರಾಣದ ಗುಮಾಸ್ತನಿಗೆ ಕಳುಹಿಸುವ ಚೀಟಿಗೆ ಹೋಲಿಸಬಹುದು. ಚೀಟಿಯಲ್ಲಿ ತಪ್ಪಿದ್ದರೆ ಗುಮಾಸ್ತನು ಕಾರಣ ಬರೆದು ಹಿಂತಿರುಗಿಸುತ್ತಾನೆ. ಆ ಕಾರಣವೇ ದೋಷಸಂದೇಶ.

ಸಂಖ್ಯೆಯೇ ಮೊದಲ ಸಾಕ್ಷಿ

ಬಹುಪಾಲು ಸಣ್ಣ ತಾಣಗಳಲ್ಲಿ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ತಂತ್ರಾಂಶವು ಪ್ರತಿಯೊಂದು ದೋಷಕ್ಕೂ ಒಂದು ಸಂಖ್ಯೆಯನ್ನು ನೀಡುತ್ತದೆ. 1045 ಎಂದರೆ ಬಳಕೆದಾರನ ಹೆಸರು ಅಥವಾ ಗುಪ್ತಪದ ಹೊಂದುತ್ತಿಲ್ಲ. 1146 ಎಂದರೆ ಕೇಳಿದ ಪಟ್ಟಿ ಇಲ್ಲ. 1054 ಎಂದರೆ ಪಟ್ಟಿಯಲ್ಲಿ ಆ ಅಂಕಣ ಇಲ್ಲ. 1064 ಎಂದರೆ ಆದೇಶದ ವ್ಯಾಕರಣ ತಪ್ಪಿದೆ. 1213 ಎಂದರೆ ಎರಡು ಕೆಲಸಗಳು ಪರಸ್ಪರರ ಬಿಡುಗಡೆಗಾಗಿ ಕಾಯುತ್ತ ಸಿಕ್ಕಿಬಿದ್ದಿದ್ದವು. ಇದು ಒಮ್ಮೊಮ್ಮೆ ಮಾತ್ರ ಬಂದರೆ ಆದೇಶವನ್ನು ಮತ್ತೊಮ್ಮೆ ಕಳುಹಿಸಿದರೆ ಸಾಕು.

1040 ಎಂದರೆ ಸಂಪರ್ಕಗಳ ಮಿತಿ ತುಂಬಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಈ ಮಿತಿಯು ಮೂಲತಃ 151. ಇಂತಹ ವೇಳೆ ಸರ್ವರನ್ನು ಆರಿಸಿ ಮತ್ತೆ ಹೊತ್ತಿಸುವುದು ವಾಡಿಕೆ. ಆದರೆ ಹಾಗೆ ಮಾಡಿದಾಗ, ಯಾವ ಕ್ವೆರಿಯು ಉಳಿದವನ್ನು ತಡೆದು ನಿಲ್ಲಿಸಿತ್ತು ಎಂಬ ಪುರಾವೆಯೂ ಅಳಿಸಿಹೋಗುತ್ತದೆ. ಮೇಲ್ವಿಚಾರಕನಿಗಾಗಿ ಒಂದು ಹೆಚ್ಚುವರಿ ಸಂಪರ್ಕವನ್ನು ತಂತ್ರಾಂಶವೇ ಕಾದಿರಿಸಿರುತ್ತದೆ. ಅದರ ಮೂಲಕ ಒಳಹೊಕ್ಕು, ಚಾಲ್ತಿಯಲ್ಲಿರುವ ಕ್ವೆರಿಗಳ ಪಟ್ಟಿಯನ್ನು ಮೊದಲು ಪಡೆದುಕೊಳ್ಳುವುದು ಉತ್ತಮ.

ಎರಡು ನಿದರ್ಶನಗಳು

ಮಂಗಳೂರಿನಲ್ಲಿ ಸಾಮಾನ್ಯವಾಗಿರುವ ಡಿ'ಸೋಜಾ ಎಂಬ ಹೆಸರನ್ನೇ ಗಮನಿಸಬಹುದು. ಅದರ ನಡುವಿನ ಚಿಹ್ನೆಯನ್ನು ಡೇಟಾಬೇಸ್ ‘ಹೆಸರು ಇಲ್ಲಿಗೆ ಮುಗಿಯಿತು’ ಎಂದು ಗ್ರಹಿಸಿ 1064 ದೋಷವನ್ನು ತೋರಿಸಬಹುದು. ಆ ಚಿಹ್ನೆಯನ್ನು ಬಿಟ್ಟು ಬರೆಯಿರಿ ಎಂದು ಗ್ರಾಹಕರಿಗೆ ಹೇಳುವುದು ಪರಿಹಾರವಲ್ಲ. ಇದೇ ಬಿರುಕಿನ ಮೂಲಕ ದುರುದ್ದೇಶವುಳ್ಳವರು ತಮ್ಮದೇ ಆದೇಶಗಳನ್ನು ಒಳಗೆ ತೂರಿಸಬಲ್ಲರು. ಆದೇಶವನ್ನೂ ಮಾಹಿತಿಯನ್ನೂ ಬೇರ್ಪಡಿಸಿ ಕಳುಹಿಸುವ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ವಿಧಾನವೇ ಇದಕ್ಕೆ ತಕ್ಕ ಮದ್ದು.

ಎರಡನೆಯದು ತೆರಿಗೆಗೆ ಸಂಬಂಧಿಸಿದ್ದು. ವ್ಯಾಟ್ ಪದ್ಧತಿಯಲ್ಲಿ ನೋಂದಣಿ ಸಂಖ್ಯೆಯು 11 ಅಂಕಿಗಳದ್ದಾಗಿತ್ತು. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿಯಲ್ಲಿ ಅದು 15 ಅಕ್ಷರಗಳದ್ದು. ಹಳೆಯ ಅಂಕಣದಲ್ಲಿ 11 ಸ್ಥಾನಗಳಷ್ಟೇ ಇದ್ದರೆ, 1406 ಎಂಬ ದೋಷವು ‘ಮಾಹಿತಿ ಅಂಕಣಕ್ಕಿಂತ ಉದ್ದವಾಗಿದೆ’ ಎಂದು ತಿಳಿಸುತ್ತದೆ. ತಂತ್ರಾಂಶದ ‘ಕಟ್ಟುನಿಟ್ಟಿನ ಕ್ರಮ’ವನ್ನು ತೆಗೆದುಹಾಕಿದರೆ ದೋಷಸಂದೇಶವು ತಕ್ಷಣ ಮಾಯವಾಗುತ್ತದೆ. ಆದರೆ ಪ್ರತಿಯೊಂದು ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳೂ ಸದ್ದಿಲ್ಲದೆ ಕತ್ತರಿಸಿಹೋಗುತ್ತವೆ. ತಪ್ಪು ಸಂಖ್ಯೆಯ ಬಿಲ್ಲು ಪಡೆದ ಖರೀದಿದಾರರಿಗೆ ಹೂಡುವಳಿ ತೆರಿಗೆ ಜಮೆ ಪಡೆಯಲು ತೊಡಕಾಗುತ್ತದೆ. ಕೂಗುವ ದೋಷಕ್ಕಿಂತ ಮೌನವಾದ ದೋಷ ಹೆಚ್ಚು ದುಬಾರಿ ಎಂಬುದಕ್ಕೆ ಇದು ನಿದರ್ಶನ. ಇಲ್ಲಿ ಅಂಕಣವನ್ನು ವಿಸ್ತರಿಸುವುದೊಂದೇ ಸರಿಯಾದ ಮಾರ್ಗ.

ಅನುಸರಿಸಬೇಕಾದ ಕ್ರಮ

1. ದೋಷದ ಸಂಖ್ಯೆ, ಪೂರ್ಣ ಸಂದೇಶ ಮತ್ತು ಸಮಯವನ್ನು ಬರೆದಿಡಬೇಕು. ಅದಕ್ಕೆ ಮುನ್ನ ಏನು ಬದಲಾಗಿತ್ತು ಎಂಬುದನ್ನು ವಿಚಾರಿಸಬೇಕು. ಉದಾಹರಣೆಗೆ, 2015ರಲ್ಲಿ ಬಂದ ಪಿಎಚ್‌ಪಿ 7 ಆವೃತ್ತಿಯು ಡೇಟಾಬೇಸ್ ಸಂಪರ್ಕದ ಹಳೆಯ ವಿಧಾನವನ್ನು ಕೈಬಿಟ್ಟಿತು. ಅದನ್ನು ಅಳವಡಿಸಿದ ಕೂಡಲೇ ಹಳೆಯ ತಾಣಗಳು ನಿಂತುಹೋಗಬಲ್ಲವು.

2. ಯಾವುದೇ ತಿದ್ದುಪಡಿಗೆ ಮೊದಲು ಮಾಹಿತಿಯ ಪ್ರತಿಯನ್ನು ತೆಗೆದು, ಬೇರೊಂದು ಗಣಕಯಂತ್ರದಲ್ಲಿ ಅದು ತೆರೆದುಕೊಳ್ಳುವುದೇ ಎಂದು ಪರೀಕ್ಷಿಸಬೇಕು. ದೋಷವನ್ನು ಆ ಪ್ರತಿಯಲ್ಲಿಯೇ ಪುನಃ ಉಂಟುಮಾಡಿ ಪರಿಹಾರ ಹುಡುಕಬೇಕು.

3. ಚಾಲ್ತಿಯಲ್ಲಿರುವ ಮಾಹಿತಿಯನ್ನು ತಿದ್ದುವಾಗ ಷರತ್ತಿನ ಭಾಗವು ಬಿಟ್ಟುಹೋದರೆ, ಒಬ್ಬ ಗ್ರಾಹಕನ ವಿಳಾಸವು ಎಲ್ಲ ಗ್ರಾಹಕರಿಗೂ ಅಂಟಿಕೊಳ್ಳುತ್ತದೆ. ಆದುದರಿಂದ ಎಷ್ಟು ಸಾಲುಗಳು ಬದಲಾಗಲಿವೆ ಎಂಬುದನ್ನು ಮೊದಲೇ ಎಣಿಸಬೇಕು. ತಿದ್ದುಪಡಿಯನ್ನು ‘ಟ್ರಾನ್ಸಾಕ್ಷನ್’ ಒಳಗೆ ನಡೆಸಿ, ಎಣಿಕೆ ತಾಳೆಯಾದ ಬಳಿಕವೇ ಖಾಯಂಗೊಳಿಸಬೇಕು. ಆದರೆ ಪಟ್ಟಿಯ ರಚನೆಯನ್ನೇ ಬದಲಿಸುವ ಆದೇಶವನ್ನು ಮೈಎಸ್‌ಕ್ಯೂಎಲ್‌ನಲ್ಲಿ ಈ ರೀತಿ ಹಿಂಪಡೆಯಲಾಗದು.

4. ಗ್ರಾಹಕರ ಪರದೆಯಲ್ಲಿ ಸರಳವಾದ ವಿನಂತಿಯಷ್ಟೇ ಇರಬೇಕು. ದೋಷದ ಪೂರ್ಣ ವಿವರವು ಒಳಗಿನ ದಾಖಲೆಗೆ ಸೇರಬೇಕು. ಹೊರಗೆ ಕಾಣಿಸಿದರೆ ಅದು ಕಳ್ಳರಿಗೆ ನಕಾಶೆ ಕೊಟ್ಟಂತೆ.

ತಾಣವು ಮತ್ತೆ ತೆರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ದೋಷವಿದ್ದ ಅವಧಿಯಲ್ಲಿ ಹಣ ಜಮೆಯಾಗಿದ್ದರೂ ಬೇಡಿಕೆಯು ದಾಖಲಾಗದೆ ಉಳಿದಿರಬಹುದು. ಆ ಅವಧಿಯ ಬ್ಯಾಂಕ್ ಜಮೆಗಳನ್ನೂ ಬೇಡಿಕೆಗಳನ್ನೂ ಸಾಲುಸಾಲಾಗಿ ತಾಳೆ ನೋಡುವುದು ಅವಶ್ಯ. ಈ ಕೆಲಸಕ್ಕೆ ತಂತ್ರಜ್ಞರೇ ಬೇಕೆಂದಿಲ್ಲ; ದಿನಾಲೂ ರೋಕಡಿ ಪುಸ್ತಕವನ್ನು ತಾಳೆ ನೋಡುವ ವರ್ತಕರಿಗೆ ಅದು ಹೊಸತೇನೂ ಅಲ್ಲ.