ಮೇವಿನ ಕಾಡು ಅಭಯಾರಣ್ಯವಾದಾಗ

ಹೊಸೂರು: ಅಂಚೆಟ್ಟಿ, ದೇಂಕಣಿಕೋಟೆ ಕಡೆಯ ಆಲಂಬಾಡಿ ದನಗಳಿಗೆ ಹಿಂದಿನಿಂದಲೂ ಕಾಡೇ ಮೇವು, ಕಾಡೊಳಗಿನ ದೊಡ್ಡಿಯೇ ಮನೆ. ಹಳ್ಳಿಕಾರ್ ಬಳಗದ ಈ ಗಟ್ಟಿ ತಳಿ ಕೊಟ್ಟಿಗೆಯಲ್ಲಿ ಕಟ್ಟಿ ಹಿಂಡಿ ಹಾಕಿ ಸಾಕೋ ಹಾಲಿನ ದನವಲ್ಲ.

2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ನಿಷೇಧಿಸಿತು. ಅದೇ ತಿಂಗಳು ಆದೇಶ ತಿದ್ದಿ, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲು ಪ್ರದೇಶಕ್ಕಷ್ಟೇ ಸೀಮಿತ ಮಾಡಿತು. ಮೀಸಲು ಅರಣ್ಯ ಹೊರಗುಳಿಯಿತು. ಆ ಸಮಾಧಾನ ಎಂಟೇ ತಿಂಗಳು. ನವೆಂಬರ್‌ನಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ 686 ಚದರ ಕಿ.ಮೀ. ಮೀಸಲು ಅರಣ್ಯವೇ ಕಾವೇರಿ ದಕ್ಷಿಣ ವನ್ಯಜೀವಿ ಅಭಯಾರಣ್ಯವಾಯಿತು. ಕಾವೇರಿ ಉತ್ತರ ಅಭಯಾರಣ್ಯ 2014ರಲ್ಲೇ ಆಗಿತ್ತು.

ಕಾಡಿನ ಪರವಾದ ಮಾತೂ ಸುಳ್ಳಲ್ಲ. ಬನ್ನೇರುಘಟ್ಟದಿಂದ ಜವಳಗಿರಿ ಮೂಲಕ ಆನೆಗಳು ಓಡಾಡುವ ದಾರಿ ಇದು. ಅವಕ್ಕೂ ಮೇವು, ನೀರು ಬೇಕು. ರಾಗಿ ಹೊಲಕ್ಕೆ ನುಗ್ಗಿದರೆ ನಷ್ಟ ಯಾರಿಗೆ? ದನದ ಕಾಲುಬಾಯಿ ಜ್ವರ ಕಾಡೆಮ್ಮೆಗೂ ಹರಡಬಲ್ಲದು. ಅದಕ್ಕೇ ಅಭಯಾರಣ್ಯದಿಂದ 5 ಕಿ.ಮೀ. ಒಳಗಿನ ದನಗಳಿಗೆ ಲಸಿಕೆ ಹಾಕಿಸಬೇಕೆಂದು ವನ್ಯಜೀವಿ ಕಾಯ್ದೆ ಹೇಳುತ್ತೆ.

ಹಾಗಂತ ದಾರಿಯೇ ಇಲ್ಲ ಅನ್ನೋ ಹಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ದನ ಮೇಯಿಸುವುದು ಸಮುದಾಯದ ಹಕ್ಕು. ಅಭಯಾರಣ್ಯಕ್ಕೂ ಆ ಕಾಯ್ದೆ ಅನ್ವಯ. ಅರ್ಜಿ ಹೋಗಬೇಕಾದ್ದು ಗ್ರಾಮಸಭೆಗೆ. ಬುಡಕಟ್ಟಿಗೆ ಸೇರದ ಕುಟುಂಬಗಳಿಗೆ ಮಾತ್ರ ಇದು ಸುಲಭವಲ್ಲ: ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಅಲ್ಲೇ ಬಾಳಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಊರ ಹಿರಿಯರ ಹೇಳಿಕೆ ಬರೆಸಿಕೊಟ್ಟರೂ ನಡೆಯುತ್ತೆ. ತಾತನ ಕಾಲದ ಮೇವಿನ ಚೀಟಿ ಅಟ್ಟದ ಮೇಲೆ ಇದ್ದೀತು, ಹುಡುಕಿ ನೋಡಬಹುದು.